ಹನ್ನೆರಡು ಫಂಕ್ಷನ್ನುಗಳಿಗೆ ಒಬ್ಬ ಡೆಕೋರೇಟರ್

ಗಾಳಿಯಂತ್ರಗಳು ನಮ್ಮ ಕಡೆಯ ಗುಡ್ಡಗಳ ಮೇಲೆ ಒಂದೊಂದಾಗಿ ಎದ್ದು ನಿಂತ ಕಾಲದಲ್ಲಿ ನಾನು ಹೊಸದುರ್ಗದಲ್ಲಿ ಕಾಲೇಜು ಓದುತ್ತಿದ್ದೆ. ಶ್ರೀರಾಂಪುರದಿಂದ ದಿನಾ ಬಸ್ಸು. ಕಿಟಕಿಯಾಚೆ ದೂರದ ಗುಡ್ಡದ ನೆತ್ತಿಯಲ್ಲಿ ಬಿಳಿ ರೆಕ್ಕೆಗಳು ತಿರುಗುವುದು ಕಂಡರೆ ಸಾಕು, ಬಸ್ಸಿನಲ್ಲಿ ವಾದ ಶುರುವಾಗುತ್ತಿತ್ತು. "ಅವು ತಿರುಗಿ ಕರೆಂಟ್ ಮಾಡ್ತಾವೆ" ಎಂದು ಒಬ್ಬರು. "ಇಲ್ಲ ಬಿಡ್ರಿ, ಕರೆಂಟ್ ಕೊಟ್ಟು ತಿರುಗಿಸ್ತಾರೆ, ಮೋಡ ಓಡಿಸಾಕೆ" ಎಂದು ಇನ್ನೊಬ್ಬರು. ಸೈನ್ಸ್ ಓದುವವಳು ಎಂದು ತೀರ್ಪಿಗೆ ನನ್ನ ಕಡೆ ತಿರುಗುತ್ತಿದ್ದರು. ನಾನು ತೀರ್ಪು ಕೊಟ್ಟರೂ ಯಾರೂ ಒಪ್ಪುತ್ತಿರಲಿಲ್ಲ. ಮರುದಿನ ಅದೇ ವಾದ ಮತ್ತೆ.

ಆ ಯಂತ್ರಗಳದೇ ಕೆಲಸ ನನಗೆ ಸಿಗುತ್ತದೆಂದು ಆಗ ಅಂದುಕೊಂಡಿರಲಿಲ್ಲ. ಡಿಗ್ರಿ ಮುಗಿಸಿ, ಒಂದೆರಡು ವರ್ಷ ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳಿ, ಚಿತ್ರದುರ್ಗದಲ್ಲಿ ಗಾಳಿಯಂತ್ರಗಳನ್ನು ನೋಡಿಕೊಳ್ಳುವ ಕಂಪನಿಯೊಂದರ ಆಫೀಸಿಗೆ ಸೇರಿದೆ. ಆಫೀಸೆಂದರೆ ಬಟ್ಟೆ ಅಂಗಡಿಯ ಮೇಲಿನ ಎರಡು ಕೋಣೆ. ರಿಪೇರಿ ಮಾಡುವವರೆಲ್ಲ ಸದಾ ಗುಡ್ಡಗಳ ಮೇಲೆಯೇ ಇರುತ್ತಿದ್ದುದರಿಂದ ಕೆಳಗೆ ಉಳಿಯುತ್ತಿದ್ದವರು ನಾವಿಬ್ಬರೇ, ನಾನು ಮತ್ತು ನಮ್ಮ ಸಾರ್. ಸಾರ್ ಐವತ್ತು ದಾಟಿದ ಎಲೆಕ್ಟ್ರಿಕಲ್ ಎಂಜಿನಿಯರು, ಹೊಸದುರ್ಗದವರು. ಪ್ರಪಂಚದಲ್ಲಿ ಯಾವ ವಸ್ತು ಎಷ್ಟೇ ಚೆನ್ನಾಗಿರಲಿ, ಹೊಸದುರ್ಗದಲ್ಲಿ ಅದು ಇನ್ನೂ ಒಂದು ತೂಕ ಹೆಚ್ಚು ಎನ್ನುವುದು ಅವರ ನಂಬಿಕೆ. ನಾನೂ ಅದೇ ತಾಲ್ಲೂಕಿನವಳೆಂದು ತಿಳಿದ ದಿನ ಎರಡು ಸಲ ಟೀ ತರಿಸಿದ್ದರು.

ನನ್ನ ಕೆಲಸ ಹೀಗಿತ್ತು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಈ ನಾಲ್ಕು ಕಡೆಯ ಗುಡ್ಡಗಳ ಮೇಲೆ ಒಂದೊಂದು ಪೆಟ್ಟಿಗೆ ಇತ್ತು. ಎಷ್ಟು ಗಾಳಿ ಬೀಸುತ್ತಿದೆ, ಎಷ್ಟು ವಿದ್ಯುತ್ ಬರುತ್ತಿದೆ, ಯಾವ ಯಂತ್ರ ಕೆಟ್ಟು ನಿಂತಿದೆ ಎಂಬುದೆಲ್ಲ ಆ ಪೆಟ್ಟಿಗೆಯಲ್ಲಿ ಸೇರುತ್ತಿತ್ತು. ಬೆಳಿಗ್ಗೆ ಎಂಟಕ್ಕೆ ಆಫೀಸಿನ ಕಂಪ್ಯೂಟರ್ ಫೋನ್ ಲೈನಿನ ಮೂಲಕ ಒಂದೊಂದೇ ಗುಡ್ಡಕ್ಕೆ ಡಯಲ್ ಮಾಡಿ ಆ ಲೆಕ್ಕ ಕೇಳುತ್ತಿತ್ತು. ಒಂಬತ್ತರೊಳಗೆ ವರದಿ ಪುಣೆಯ ಹೆಡ್ಡಾಫೀಸಿಗೆ ಮೇಲ್ ಆಗಬೇಕು.

ಆ ಪ್ರೋಗ್ರಾಂ ಪೈಥಾನ್ ಭಾಷೆಯಲ್ಲಿತ್ತು. ಅದು ನಾನು ಆರಿಸಿಕೊಂಡದ್ದಲ್ಲ, ನನಗಿಂತ ಮೊದಲು ಇದ್ದವರು ಶುರುಮಾಡಿ ಅರ್ಧಕ್ಕೆ ಬಿಟ್ಟು ಹೋಗಿದ್ದರು. ನಾನು ಕಲಿಯುತ್ತ ಕಲಿಯುತ್ತ ಪೂರ್ತಿ ಮಾಡಿದೆ. ಒಂದು ಕೆಲಸಕ್ಕೆ ಹೆಸರಿಟ್ಟು ಬರೆದಿಟ್ಟರೆ ಅದು ಫಂಕ್ಷನ್, ಆಮೇಲೆ ಹೆಸರು ಹಿಡಿದು ಕರೆದಾಗಲೆಲ್ಲ ಆ ಕೆಲಸ ನಡೆಯುತ್ತದೆ. ನಾಲ್ಕು ಊರಿನ ಯಂತ್ರಗಳೂ ನಾಲ್ಕು ಬೇರೆ ಬೇರೆ ಕಂಪನಿಗಳವು, ಒಂದಕ್ಕೆ ಕೇಳುವ ರೀತಿಯಲ್ಲಿ ಇನ್ನೊಂದಕ್ಕೆ ಕೇಳಿದರೆ ಉತ್ತರ ಬರುವುದಿಲ್ಲ. ಹಾಗಾಗಿ ಪ್ರತಿ ಊರಿಗೂ ಗಾಳಿಗೊಂದು, ವಿದ್ಯುತ್ತಿಗೊಂದು, ಕೆಟ್ಟ ಯಂತ್ರಗಳಿಗೊಂದು ಎಂದು ಒಟ್ಟು ಹನ್ನೆರಡು ಫಂಕ್ಷನ್ ಬರೆದಿದ್ದೆ. ಸಾರ್ ಆಗಾಗ ಬೆನ್ನ ಹಿಂದೆ ನಿಂತು ಪರದೆ ನೋಡುತ್ತಿದ್ದರಿಂದ ಹೆಸರುಗಳನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡವಾಗಿಯೇ ಇಟ್ಟಿದ್ದೆ.

ತೊಂದರೆ ಇದ್ದದ್ದು ಫೋನ್ ಲೈನಿನಲ್ಲಿ. ಗುಡ್ಡದ ಲೈನುಗಳು ಮಾತಿನ ಮಧ್ಯೆ ಕಟ್ ಆಗುತ್ತಿದ್ದವು. ಕಟ್ ಆದ ತಕ್ಷಣ ನನ್ನ ಪ್ರೋಗ್ರಾಂ ಅಲ್ಲೇ ಬಿದ್ದುಹೋಗುತ್ತಿತ್ತು. ಸ್ವಲ್ಪ ತಡೆದು ಇನ್ನೊಮ್ಮೆ ಡಯಲ್ ಮಾಡಿದರೆ ಸಾಮಾನ್ಯವಾಗಿ ಸಿಗುತ್ತದೆ. ಹಾಗಾಗಿ 'ಸಿಗದಿದ್ದರೆ ತಡೆದು ಮತ್ತೆ ಕೇಳು, ಮೂರು ಸಲದವರೆಗೆ' ಎಂಬ ಆರೇಳು ಸಾಲು ಬರೆದು ಹೊಸದುರ್ಗದ ಗಾಳಿಯ ಫಂಕ್ಷನ್ನಿನಲ್ಲಿ ಸೇರಿಸಿದೆ. ಕೆಲಸ ಮಾಡಿತು. ಖುಷಿಯಾಗಿ ಅದೇ ಸಾಲುಗಳನ್ನು ಉಳಿದ ಹನ್ನೊಂದಕ್ಕೂ ಅಂಟಿಸಿದೆ. ಅಲ್ಲಿಂದ ನನ್ನ ಪಾಡು ಶುರುವಾಯಿತು. ಹತ್ತು ಸೆಕೆಂಡ್ ತಡೆದರೆ ಸಾಲದು, ಮೂವತ್ತು ಮಾಡು ಎಂದು ಸಾರ್ ಹೇಳಿದರೆ ಹನ್ನೆರಡು ಕಡೆ ತಿದ್ದಬೇಕು. ಹನ್ನೊಂದು ಕಡೆ ತಿದ್ದಿ ಒಂದನ್ನು ಮರೆತರೆ ಮರುದಿನ ಬೆಳಿಗ್ಗೆ ಸರಿಯಾಗಿ ಅದೇ ಕೈಕೊಡುತ್ತಿತ್ತು. ಅಸಲು ಕೆಲಸ ನಾಲ್ಕು ಸಾಲಿನದು, ಅದರ ಸುತ್ತ ಬೆಳೆದ ಬೇಲಿಯೇ ಹೆಚ್ಚು.

ಕೊನೆಗೆ ಪುಣೆಯಲ್ಲಿದ್ದ ಪ್ರೋಗ್ರಾಮರ್ ಒಬ್ಬರಿಗೆ ಫೋನ್ ಹಚ್ಚಿದೆ. ಆ ಮನುಷ್ಯ ಒಳ್ಳೆಯವರೇ, ಆದರೆ ಒಂದು ವಾಕ್ಯದ ಮೇಲೆ ಎರಡನೇ ವಾಕ್ಯ ಆಡುವವರಲ್ಲ. ನನ್ನ ಕಷ್ಟವನ್ನೆಲ್ಲ ಕೇಳಿ, "ಫಂಕ್ಷನ್ ಡೆಕೋರೇಟರ್ ಹಾಕಿ, ಹನ್ನೆರಡಕ್ಕೂ ಒಂದೇ ಸಾಕು" ಎಂದು ಇಂಗ್ಲಿಷಿನಲ್ಲಿ ಹೇಳಿ ಇಟ್ಟುಬಿಟ್ಟರು. ಲೈನು ಸರಿಯಿಲ್ಲದ್ದರಿಂದ ಅವರು ಇಡುವ ಮೊದಲು ನಾನು ಅದನ್ನೇ ಗಟ್ಟಿಯಾಗಿ ತಿರುಗಿ ಹೇಳಿ ಖಾತ್ರಿ ಮಾಡಿಕೊಂಡಿದ್ದೆ. "ಫಂಕ್ಷನ್ ಡೆಕೋರೇಟರ್! ಹೌದಾ ಸಾರ್? ಡೆಕೋರೇಟರ್!"

ಪಕ್ಕದ ಕೋಣೆಯಲ್ಲಿ ಸಾರ್ ಕೇಳಿಸಿಕೊಂಡರು. ಅವರ ತಲೆಯಲ್ಲಿ ಆಗ ಬೇರೆಯೇ ಓಡುತ್ತಿತ್ತು. ಹೊಳಲ್ಕೆರೆಯ ಗುಡ್ಡದಲ್ಲಿ ಹೊಸ ಯಂತ್ರಗಳ ಉದ್ಘಾಟನೆ ಮುಂದಿನ ತಿಂಗಳಿಗೆ ನಿಗದಿಯಾಗಿತ್ತು, ಪುಣೆಯಿಂದ ದೊಡ್ಡವರು ಬರುವವರಿದ್ದರು.

ಎರಡು ದಿನ ಬಿಟ್ಟು ಸಾರ್ ಬಾಗಿಲಲ್ಲಿ ತಲೆ ಹಾಕಿ, "ನೋಡಮ್ಮ, ನಿಮ್ಮ ಡೆಕೋರೇಟರ್ ಬಂದಾರೆ. ಹೊಳಲ್ಕೆರೆಯೋರು, ಒಳ್ಳೆ ಕೈ ಅಂತ ಎಲ್ಲಾರೂ ಹೇಳ್ತಾರೆ. ಏನು ಬೇಕೋ ಬಿಡಿಸಿ ಹೇಳು" ಎಂದು ಹೊರಗೆ ಹೋದರು. ಹೊಳಲ್ಕೆರೆಯಲ್ಲಿ ಪೈಥಾನ್ ಬಲ್ಲವರೊಬ್ಬರು ಇದ್ದಾರೆಂದು ನನಗೆ ಆಶ್ಚರ್ಯವೂ ಆಯಿತು, ಜೀವ ಬಂದಂತೆಯೂ ಆಯಿತು. ಬಂದವರು ದಪ್ಪ ಮೀಸೆಯ, ಇಸ್ತ್ರಿ ಷರಟಿನ ಗಂಭೀರ ಮನುಷ್ಯ. ಕಂಕುಳಲ್ಲಿ ದೊಡ್ಡದೊಂದು ಪುಸ್ತಕ. ಮ್ಯಾನ್ಯುಯಲ್ ತಂದಿದ್ದಾರೆ ಎಂದುಕೊಂಡೆ.

"ಕುಂತ್ಕಳ್ರಿ" ಎಂದೆ.

"ಹೇಳ್ರಿ ಮೇಡಂ. ಎಷ್ಟು ಫಂಕ್ಷನ್ ಅವೆ?"

"ಹನ್ನೆರಡು."

ಅವರ ಕಣ್ಣು ಅಗಲವಾದವು. "ಹನ್ನೆರಡು ಫಂಕ್ಷನ್ನಾ! ಎಲ್ಲಾ ನಿಮ್ಮವೇನಾ?"

"ಎಲ್ಲಾ ನಾನೇ ಬರೆದಿದ್ದು."

"ಬರೆಸೋದು ಬಿಡ್ರಿ, ಬೋರ್ಡು ಬ್ಯಾನರು ನಾವೇ ಬರೆಸ್ತೀವಿ. ಎಲ್ಲೆಲ್ಲಿ ಅವೆ?"

"ಮೂರು ದುರ್ಗದಾಗೆ, ಮೂರು ಹಿರಿಯೂರು, ಮೂರು ಹೊಸದುರ್ಗ, ಮೂರು ನಿಮ್ಮ ಹೊಳಲ್ಕೆರೆ. ಹನ್ನೆರಡಕ್ಕೂ ಒಂದೇ ಡೆಕೋರೇಟರ್ ಸಾಕು ಅಂದ್ರು."

"ಸಾಕು ಸಾಕು, ನಾನೊಬ್ಬನೇ ಮಾಡಿಕೊಡ್ತೀನಿ" ಎಂದು ಅವರು ಎದೆ ಮೇಲೆ ಕೈ ಇಟ್ಟರು. "ಯಾವ್ಯಾವ ದಿನ?"

"ದಿನಾ. ಬೆಳಿಗ್ಗೆ ಎಂಟಕ್ಕೆ ಎಲ್ಲಾ ಶುರುವಾಗಿ ಒಂಬತ್ತಕ್ಕೆ ಮುಗೀಬೇಕು."

ಅವರು ಬೆರಳು ಮಡಚಿ ಏನನ್ನೋ ಲೆಕ್ಕ ಹಾಕಿದರು. ಆಮೇಲೆ ಮೆಲ್ಲಗೆ, "ಊಟಕ್ಕೆ ಎಷ್ಟು ಜನ ಆಗ್ತಾರೆ ಮೇಡಂ?" ಎಂದು ಕೇಳುತ್ತ ಪುಸ್ತಕ ಬಿಚ್ಚಿದರು. ಪ್ಲಾಸ್ಟಿಕ್ ಹೂವಿನ ಕಮಾನು, ಕೆಂಪು ಮಖಮಲ್ಲಿನ ರಾಜಾಸನ, ನವಿಲಿನಾಕಾರದ ಹಿನ್ನೆಲೆ, ಅದರ ಮುಂದೆ ನಿಂತ ಮದುಮಕ್ಕಳು. ಪುಟ ತಿರುಗಿಸಿದಂತೆಲ್ಲ ಶಾಮಿಯಾನಗಳು.

ನಾನು ನಕ್ಕ ನಗೆಗೆ ಸಾರ್ ಓಡಿ ಬಂದರು. ಪೈಥಾನಿನಲ್ಲಿ ಫಂಕ್ಷನ್ ಅಂದರೆ ಸಮಾರಂಭವಲ್ಲ, ಅಲ್ಲಿಯ ಡೆಕೋರೇಟರ್ ಪೆಂಡಾಲ್ ಹಾಕುವವನಲ್ಲ ಎಂದು ಇಬ್ಬರಿಗೂ ತಿಳಿಹೇಳುವ ಹೊತ್ತಿಗೆ ನನಗೆ ಬಿಕ್ಕಳಿಕೆ ಹತ್ತಿತ್ತು. ಆ ಮೀಸೆಯವರು ಬೇಸರ ಮಾಡಿಕೊಳ್ಳಲಿಲ್ಲ. "ಹಂಗಾರೆ ನಿಮ್ಮ ಡೆಕೋರೇಟರ್ ಏನು ಮಾಡ್ತಾನೆ ಮೇಡಂ?" ಎಂದು ನಿಜವಾದ ಕುತೂಹಲದಿಂದ ಕೇಳಿದರು.

"ಅದೇ ನನಗೂ ಗೊತ್ತಿಲ್ರಿ" ಎಂದೆ. ಹೇಗೂ ಬಂದಿದ್ದಾರೆಂದು ಸಾರ್ ಅವರಿಗೇ ಉದ್ಘಾಟನೆಯ ಶಾಮಿಯಾನ ಒಪ್ಪಿಸಿದರು.

ಆ ಸಂಜೆ ಇಂಟರ್ನೆಟ್ ಸೆಂಟರಿಗೆ ಹೋಗಿ ಡೆಕೋರೇಟರುಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಪ್ರಿಂಟ್ ತೆಗೆಸಿಕೊಂಡೆ. ಎಲ್ಲ ಹಾಳೆಗಳೂ ಹೇಳಿದ್ದು ಒಂದೇ: ಡೆಕೋರೇಟರ್ ಎಂದರೆ ಒಂದು ಫಂಕ್ಷನ್ನನ್ನು ತೆಗೆದುಕೊಂಡು ಇನ್ನೊಂದು ಫಂಕ್ಷನ್ನನ್ನು ಹಿಂದಕ್ಕೆ ಕೊಡುವ ಫಂಕ್ಷನ್. ಅದನ್ನು ಬಳಸಲು ನಿಮ್ಮ ಫಂಕ್ಷನ್ನಿನ ತಲೆಯ ಮೇಲೆ ಇಮೇಲ್ ವಿಳಾಸದಲ್ಲಿ ಬರುವ ಆ ಸುತ್ತಿದ ಚಿಹ್ನೆ ಹಾಕಿ ಡೆಕೋರೇಟರಿನ ಹೆಸರು ಬರೆಯಿರಿ. ಓದಿದೆ, ಮತ್ತೆ ಓದಿದೆ. ಪದಗಳೆಲ್ಲ ಗೊತ್ತು, ವಾಕ್ಯ ಮಾತ್ರ ಒಳಗೆ ಇಳಿಯಲೊಲ್ಲದು. ಫಂಕ್ಷನ್ ಸಂಖ್ಯೆ ತೆಗೆದುಕೊಳ್ಳುತ್ತದೆ, ಹೆಸರು ತೆಗೆದುಕೊಳ್ಳುತ್ತದೆ, ಸರಿ. ಫಂಕ್ಷನ್ನನ್ನೇ ತೆಗೆದುಕೊಳ್ಳುವುದೆಂದರೆ? ಕೆಲಸವನ್ನು ಹೇಗೆ ಕೈಗೆ ಕೊಡುವುದು?

ನಾನು ಬಾಡಿಗೆಗಿದ್ದ ಮನೆಯ ಯಜಮಾನಿ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಓಣಿಯವರೆಲ್ಲ ಅವರನ್ನು ಟೀಚರ್ ಎಂದೇ ಕರೆಯುತ್ತಿದ್ದರು, ನಾನೂ. ಅವರಿಗೆ ಕಂಪ್ಯೂಟರಿನ ಗಂಧವೂ ಇರಲಿಲ್ಲ, ಆದರೆ ಎದುರಿಗೆ ಕೂತವರು ಏನನ್ನಾದರೂ ಅರ್ಥವಾಗದೆ ಒದ್ದಾಡುತ್ತಿದ್ದರೆ ಅವರಿಂದ ಸುಮ್ಮನಿರಲಾಗುತ್ತಿರಲಿಲ್ಲ. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದವರು ನನ್ನ ಮುಖ ನೋಡಿ, "ಏನವ್ವಾ ಅದು? ಇತ್ಲಾಗೆ ಬಾ, ಓದಿ ಹೇಳು" ಎಂದರು. ಕನ್ನಡಕ್ಕೆ ತಿರುಗಿಸಿ ಹೇಳಿದೆ. ಅವರು ಸುಲಿಯುವುದನ್ನು ನಿಲ್ಲಿಸಲಿಲ್ಲ.

"ನಿನ್ನ ಫಂಕ್ಷನ್ ಅಂದ್ರೆ ಕ್ರಿಯಾಪದ ಇದ್ದಂಗೆ ಅಲ್ವೇನು?"

"ಹೂಂ ಟೀಚರೇ, ಒಂದು ಕೆಲಸ."

"ಮಾಡು. ಇದಕ್ಕೆ 'ಇಸು' ಹಚ್ಚು."

"ಮಾಡಿಸು."

"ಓದು?"

"ಓದಿಸು."

"ಪ್ರೇರಣಾರ್ಥಕ. ಎಂಟನೇ ಕ್ಲಾಸಿನಾಗೆ ಓದಿದೀಯ, ಮರೆತಿದೀಯ. ಒಳಗೆ ಹೋಗಿದ್ದು ಏನು? ಕ್ರಿಯಾಪದ. ಹೊರಗೆ ಬಂದಿದ್ದೇನು?"

"ಅದೂ ಕ್ರಿಯಾಪದವೇ."

"ಮಾಡಿದನು ಅಂದಂಗೆ ಮಾಡಿಸಿದನು ಅನ್ನಬಹುದು. ಮಾಡುವಳು ಅಂದಂಗೆ ಮಾಡಿಸುವಳು. ಹೊಸದು ಅಂತ ಬೇರೆ ಥರ ಬಳಸಬೇಕಾಗಿಲ್ಲ. ಹಳೇ ಕೆಲಸ ಅದರ ಹೊಟ್ಟೆಯಾಗೆ ಹಂಗೇ ಐತೆ. ಇನ್ನೇನು ಬೇಕು ನಿನಗೆ?"

ನನಗೆ ಬೇಕಾಗಿದ್ದುದು ಇನ್ನೂ ಒಂದಿತ್ತು. "ಆದರೆ ಟೀಚರೇ, ಕೆಲಸ ಕೈಗೆ ಕೊಟ್ಟ ಕೂಡಲೇ ಅದು ನಡೆದುಬಿಡಲ್ವಾ? ಫಂಕ್ಷನ್ ಹೆಸರು ಹೇಳಿದ್ರೆ ಅದು ಕೆಲಸ ಮಾಡಿಬಿಡ್ತೈತಲ್ಲ?"

ಅವರು ಈಗ ಕೈ ನಿಲ್ಲಿಸಿದರು. "ನಾನು ಕಪ್ಪುಹಲಗೆ ಮೇಲೆ 'ಓಡು' ಅಂತ ಬರೆದ್ರೆ ಕ್ಲಾಸಿನ ಮಕ್ಕಳೆಲ್ಲ ಎದ್ದು ಓಡ್ತಿದ್ರೇನು? ಪದ ಬರೆಯೋದು ಬೇರೆ, ಓಡು ಅಂತ ಹೇಳೋದು ಬೇರೆ."

ಇಷ್ಟು ದಿನ ನಾನು ಕಣ್ಣೆದುರಿಗೇ ಇಟ್ಟುಕೊಂಡು ನೋಡದಿದ್ದ ವಿಷಯ ಇದು. ಪೈಥಾನಿನಲ್ಲಿ ಹೆಸರಿನ ಮುಂದೆ ಕಂಸದ ಜೋಡಿ ಹಾಕಿದರೆ ಮಾತ್ರ ಕೆಲಸ ನಡೆಯುತ್ತದೆ. ಕಂಸ ಹಾಕದಿದ್ದರೆ ಅದು ಬರೀ ಹೆಸರು, ಹಲಗೆಯ ಮೇಲಿನ ಪದ. ಅದನ್ನು ಯಾರ ಕೈಗೆ ಬೇಕಾದರೂ ಕೊಡಬಹುದು, ಅವರು ತಮಗೆ ಬೇಕಾದಾಗ ಕಂಸ ಹಾಕಿ ಓಡಿಸಿಕೊಳ್ಳಬಹುದು. ಆ ಸುತ್ತಿದ ಚಿಹ್ನೆಯೂ ಮಂತ್ರವೇನಲ್ಲ. ಹೊಸದುರ್ಗದ ಫಂಕ್ಷನ್ನನ್ನು ಡೆಕೋರೇಟರಿನ ಕೈಗೆ ಕೊಟ್ಟು, ಬಂದ ಹೊಸ ಫಂಕ್ಷನ್ನಿಗೆ ಅದೇ ಹಳೆಯ ಹೆಸರಿಡು ಎಂದು ಚಿಕ್ಕದಾಗಿ ಹೇಳುವ ರೀತಿ, ಅಷ್ಟೇ. ಅರ್ಥವಾದ ಸಂತೋಷಕ್ಕೆ ಅವರ ಮಡಿಲಿನಿಂದ ಒಂದು ಹಿಡಿ ಅವರೆಕಾಯಿ ತೆಗೆದುಕೊಂಡು ನಾನೂ ಸುಲಿಯಲು ಕೂತೆ.

ಮರುದಿನ ಆಫೀಸಿನಲ್ಲಿ ಬರೆದೆ. ಡೆಕೋರೇಟರಿಗೆ 'ಇನ್ನೊಮ್ಮೆ' ಎಂದು ಹೆಸರಿಟ್ಟೆ. ಅದರ ಕೈಗೆ ಬರುವ ಫಂಕ್ಷನ್ 'ಕೆಲಸ'. ಕೆಲಸದ ಸುತ್ತ ಕಟ್ಟುವ ಹೊಸ ಫಂಕ್ಷನ್ 'ಸುತ್ತು'. ಹನ್ನೆರಡು ಕಡೆ ಅಂಟಿಸಿದ್ದ ಸಾಲುಗಳನ್ನೆಲ್ಲ ಕಿತ್ತುಹಾಕಿ, ಹನ್ನೆರಡರ ತಲೆಯ ಮೇಲೂ ಒಂದೊಂದು ಸಾಲು ಇಟ್ಟೆ. ಫೈಲು ಮೂಳೆ ಕಾಣುವಷ್ಟು ತೆಳ್ಳಗಾಯಿತು. ಸಾರ್‌ಗೆ ತೋರಿಸಿ ಮನೆಗೆ ಹೋದೆ.

ಬೆಳಿಗ್ಗೆ ವರದಿ ಬಂತು. ಹನ್ನೆರಡು ಲೆಕ್ಕಗಳ ಜಾಗದಲ್ಲೂ None, None, None.

"ಏನಮ್ಮ, ಎಲ್ಲಾ ಕಡೆ 'ನನ್' ಅಂತ ಬಂದೈತೆ? ಎಲ್ಲೂ ಗಾಳಿನೇ ಇಲ್ವಾ?" ಎಂದು ಸಾರ್ ಕಿಟಕಿಯತ್ತ ನೋಡಿದರು. ಅಲ್ಲಿ ಪರದೆ ಹಾರಾಡಿ ಕ್ಯಾಲೆಂಡರನ್ನು ಬೀಳಿಸಿತ್ತು.

ಪುಣೆಗೆ ಕೈಯಿಂದಲೇ ವರದಿ ಮಾಡಿ ಕಳಿಸಿ, ಬರೆದದ್ದನ್ನು ಮತ್ತೆ ಸಾಲು ಸಾಲಾಗಿ ಓದಿದೆ. 'ಸುತ್ತು' ಒಳಗಿನ ಕೆಲಸವನ್ನು ಸರಿಯಾಗಿಯೇ ಮಾಡಿಸುತ್ತಿತ್ತು. ಗುಡ್ಡದಿಂದ ಲೆಕ್ಕ ಬರುತ್ತಿತ್ತು. ಬಂದ ಲೆಕ್ಕವನ್ನು ಮುಂದಕ್ಕೆ ದಾಟಿಸಬೇಕಲ್ಲ, ಆ ಒಂದು ಪದ ಬಿಟ್ಟುಹೋಗಿತ್ತು. ಅಂಗಡಿಗೆ ಹೋಗಿ ಸಾಮಾನು ಕಟ್ಟಿಸಿ ಅಲ್ಲೇ ಬಿಟ್ಟು ಬರುವ ಹಾಗೆ. return ಎಂದು ಸೇರಿಸಿದ ಮೇಲೆ ಅದು ಹೀಗಾಯಿತು:

def innomme(kelasa):
    def suttu():
        for sala in range(3):
            try:
                return kelasa()
            except IOError:
                print "innomme..."
                time.sleep(30)
    return suttu

@innomme
def hosadurga_gali():
    ...

ಗಮನಿಸಿದರೆ ಒಳಗೆ kelasa ಪಕ್ಕ ಕಂಸವಿದೆ, ಅಲ್ಲಿ ಓಡಿಸುತ್ತಿದ್ದೇನೆ. ಕೊನೆಯ ಸಾಲಿನ suttu ಪಕ್ಕ ಕಂಸವಿಲ್ಲ, ಅಲ್ಲಿ ಬರೀ ಕೈಗೆ ಕೊಡುತ್ತಿದ್ದೇನೆ. ಆ suttu ಪಕ್ಕವೂ ಕಂಸ ಹಾಕಿದರೆ ಏನಾಗುತ್ತದೆಂದು ಬೇಕೆಂದೇ ಹಾಕಿ ನೋಡಿದೆ. ಪ್ರೋಗ್ರಾಂ ಶುರುವಾದ ತಕ್ಷಣ ಯಾರೂ ಕೇಳದೆಯೇ ಹನ್ನೆರಡು ಸಲ ಗುಡ್ಡಗಳಿಗೆ ಡಯಲ್ ಮಾಡಲು ಹೊರಟಿತು. ವೈರು ಕಿತ್ತು ನಿಲ್ಲಿಸಿದೆ.

ಮರುದಿನ ಸಂಖ್ಯೆಗಳೆಲ್ಲ ಸರಿಯಾಗಿ ಬಂದವು. ನಾನು ಗೆದ್ದೆ ಎಂದುಕೊಂಡು ಟೀ ಹೇಳಲು ಏಳುವಷ್ಟರಲ್ಲಿ ಸಾರ್ ವರದಿ ಹಿಡಿದು ಬಂದರು. ಅವರ ಮುಖದಲ್ಲಿ ನಿಜವಾದ ಸಂಕಟ.

"ಸುತ್ತು ಅಂದ್ರೆ ಯಾವ ಊರಮ್ಮ ಇದು?"

"ಎಲ್ಲಿ ಸಾರ್?"

"ಎಲ್ಲೆಲ್ಲೂ ಅದೇ ಐತೆ. ಸುತ್ತು, ಸುತ್ತು, ಸುತ್ತು. ಹಿರಿಯೂರು ಎಲ್ಲಿ ಹೋತು? ಹೊಳಲ್ಕೆರೆ ಎಲ್ಲಿ ಹೋತು?" ದನಿ ತಗ್ಗಿಸಿ, "ಹೊಸದುರ್ಗನೂ ಇಲ್ಲ" ಎಂದರು.

ವರದಿಯಲ್ಲಿ ಊರಿನ ತಲೆಬರಹಗಳನ್ನು ನಾನು ಫಂಕ್ಷನ್ನುಗಳ ಹೆಸರಿನಿಂದಲೇ ತೆಗೆಯುತ್ತಿದ್ದೆ. ಈಗ ಹನ್ನೆರಡೂ ಫಂಕ್ಷನ್ನುಗಳು ಸುತ್ತಿನ ಒಳಗೆ ಸೇರಿಕೊಂಡು, ನಿನ್ನ ಹೆಸರೇನು ಎಂದು ಕೇಳಿದರೆ ಹೊರಗಿನ ಸುತ್ತು ತನ್ನ ಹೆಸರನ್ನೇ ಹೇಳುತ್ತಿತ್ತು. ಹಿಂದಿನ ದಿನವೂ ಹಾಗೇ ಬಂದಿತ್ತು, None ಗಲಾಟೆಯಲ್ಲಿ ಇಬ್ಬರೂ ಗಮನಿಸಿರಲಿಲ್ಲ. ಇಂಟರ್ನೆಟ್ ಸೆಂಟರಿನ ಹಾಳೆಗಳ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಇದಕ್ಕೂ ಮದ್ದು ಇತ್ತು. ಒಳಗಿನ ಫಂಕ್ಷನ್ನಿನ ಹೆಸರನ್ನು ಹೊರಗಿನದಕ್ಕೆ ದಾಟಿಸುವ wraps ಎಂಬ ಸಿದ್ಧ ಡೆಕೋರೇಟರ್ ಪೈಥಾನಿನಲ್ಲೇ ಇದೆ, ಅದನ್ನು ಸುತ್ತಿನ ತಲೆಯ ಮೇಲೆ ಕೂರಿಸಿದರಾಯಿತು. ಒಂದು ಸಾಲು. ಡೆಕೋರೇಟರಿನ ಹೊಟ್ಟೆಯೊಳಗೊಂದು ಡೆಕೋರೇಟರ್. ಮಧ್ಯಾಹ್ನದ ಹೊತ್ತಿಗೆ ಹೊಸದುರ್ಗ ವರದಿಯಲ್ಲಿ ಮರಳಿ ಬಂತು, ಸಾರ್ ಊಟಕ್ಕೆ ಎದ್ದರು.

ಉದ್ಘಾಟನೆಯ ದಿನ ಬಂತು. ಹೊಳಲ್ಕೆರೆಯ ಗುಡ್ಡದ ಬುಡದಲ್ಲಿ, ಕಾವಲಿನವರ ಶೆಡ್ಡಿನ ಮುಂದೆ ಶಾಮಿಯಾನ. ಗಾಳಿ ಹೆಚ್ಚಿರುವ ಜಾಗವೆಂದೇ ಹುಡುಕಿ ಯಂತ್ರ ನೆಟ್ಟ ಕಡೆ ಬಟ್ಟೆ ಕಟ್ಟುವುದೆಂದರೆ ಹುಡುಗಾಟವೇ? ನಮ್ಮ ಮೀಸೆಯವರು ಮುಂಜಾನೆಯಿಂದ ಗೂಟದ ಮೇಲೆ ಗೂಟ ಹೊಡೆಸುತ್ತಿದ್ದರು. ನನ್ನನ್ನು ಕಂಡವರೇ, "ಮೇಡಂ, ನಿಮ್ಮ ಡೆಕೋರೇಟರ್ ಸಿಕ್ಕಿದನಾ?" ಎಂದರು.

"ಸಿಕ್ಕಿದಾನೆ. ಇವತ್ತು ಅವನೂ ಬಂದಾನೆ, ನೋಡ್ರಿ ಬೇಕಾರೆ" ಎಂದೆ.

ಸುಮ್ಮನೆ ಹೇಳಿದ್ದಲ್ಲ. ನಾಲ್ಕು ಊರಿನ ಗಾಳಿಯನ್ನೂ ಅತಿಥಿಗಳ ಕಣ್ಣೆದುರಿಗೇ ಪರದೆಯ ಮೇಲೆ ತೋರಿಸಬೇಕೆಂದು ಸಾರ್ ಆಸೆಪಟ್ಟಿದ್ದರು. ಕಂಪ್ಯೂಟರ್, ಮೋಡೆಮ್ ಎಲ್ಲ ಜೀಪಿನಲ್ಲಿ ಹೊತ್ತು ತಂದು, ಶೆಡ್ಡಿನ ಫೋನ್ ಲೈನಿಗೆ ಸೇರಿಸಿ, ವೇದಿಕೆಯ ಪಕ್ಕದ ಮೇಜಿನ ಮೇಲೆ ಇಟ್ಟಿದ್ದೆ. ಟೀಚರ್ ಕೂಡ ದುರ್ಗದಿಂದ ಬಸ್ಸಿನಲ್ಲಿ ಬಂದು ಸರಿಯಾಗಿ ಪರದೆ ಕಾಣುವ ಕುರ್ಚಿ ಹಿಡಿದಿದ್ದರು. ಭಾಷಣಗಳು ಮುಗಿದವು. ಪುಣೆಯ ದೊಡ್ಡವರು ಮೇಜಿನ ಸುತ್ತ ನಿಂತರು. ನಾನು ಪ್ರೋಗ್ರಾಂ ಓಡಿಸಿದೆ.

ಚಿತ್ರದುರ್ಗ ಬಂತು. ಹಿರಿಯೂರು ಬಂತು. ನಾವೇ ಇದ್ದ ಹೊಳಲ್ಕೆರೆಯೂ ಬಂತು. ಹೊಸದುರ್ಗಕ್ಕೆ ಮೋಡೆಮ್ ಕೀಚಲು ದನಿಯಲ್ಲಿ ಡಯಲ್ ಮಾಡಿತು, ಕಿರುಗುಟ್ಟಿತು, ಸುಮ್ಮನಾಯಿತು. ಪರದೆಯ ಮೇಲೆ ಒಂದೇ ಪದ: innomme...

"ವಾಟ್ ಹ್ಯಾಪನ್ಡ್?" ಎಂದರು ದೊಡ್ಡವರು.

ಸಾರ್ ಕೋಟಿನ ಗುಂಡಿ ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ, ಅದು ಮತ್ತೆ ಕೇಳುತ್ತದೆ, ಯಾರೂ ಮುಟ್ಟಬೇಕಾಗಿಲ್ಲ, ಎಂದರು. ಎಷ್ಟು ಗಟ್ಟಿಯಾಗಿ ಹೇಳಿದರೆಂದರೆ ನನಗೇ ಧೈರ್ಯ ಬಂತು. ಮೂವತ್ತು ಸೆಕೆಂಡ್ ಎಂದರೆ ಅಷ್ಟು ಜನ ದೊಡ್ಡವರು ಸುಮ್ಮನೆ ನಿಂತಿರುವಾಗ ಎಷ್ಟು ಉದ್ದವೆಂದು ಅವತ್ತು ತಿಳಿಯಿತು. ಎರಡನೇ ಸಲವೂ ಕಿರುಗುಟ್ಟಿ ಬಿತ್ತು. ಮತ್ತೆ ಅದೇ ಪದ. ಅಷ್ಟರಲ್ಲಿ ಗುಡ್ಡದಿಂದ ಒಂದು ಜೋರು ಗಾಳಿ ಇಳಿದು ಬಂದು ಶಾಮಿಯಾನದ ಒಂದು ಮೂಲೆಯನ್ನು ಗೂಟಸಮೇತ ಎತ್ತಿಬಿಟ್ಟಿತು. ಹೂವಿನ ಕಮಾನು ವಾಲಿತು. "ಹಿಡೀರಲೇ! ಆ ಹಗ್ಗ ಹಿಡೀರಿ!" ಎಂದು ಮೀಸೆಯವರು ಕೂಗುತ್ತ ಓಡಿದರು, ಪುಣೆಯ ದೊಡ್ಡವರಲ್ಲೊಬ್ಬರು ತಾವೂ ಟೈ ಹೆಗಲ ಮೇಲೆ ಹಾರುತ್ತಿರುವಂತೆಯೇ ಹಗ್ಗಕ್ಕೆ ಜೋತುಬಿದ್ದರು. ಎಲ್ಲರೂ ನಗುತ್ತ ಬಟ್ಟೆ ಇಳಿಸಿ ಕಟ್ಟಿ ಈ ಕಡೆ ತಿರುಗುವ ಹೊತ್ತಿಗೆ ಪರದೆಯ ಮೇಲೆ ಹೊಸದುರ್ಗದ ಗಾಳಿ ಬಂದು ಕೂತಿತ್ತು. ನಾಲ್ಕೂ ಊರಿನಲ್ಲಿ ಅದೇ ಹೆಚ್ಚು.

ಸಾರ್ ಚಪ್ಪಾಳೆ ಶುರುಮಾಡಿದರು. ಕೈ ಒರೆಸಿಕೊಳ್ಳುತ್ತ ಬಂದ ಮೀಸೆಯವರು ಪರದೆಯತ್ತ ಬಗ್ಗಿ, "ಇವನೇನಾ ಮೇಡಂ? ಬಿದ್ದರೆ ಎದ್ದು ನಿಲ್ಲೋ ಆಸಾಮಿ. ನನ್ನ ಕೆಲಸನೇ ಮಾಡ್ತಾನೆ ಬಿಡ್ರಿ" ಎಂದರು. ಟೀಚರ್ ಮಾತ್ರ ಪರದೆಯನ್ನು ಹತ್ತಿರದಿಂದ ನೋಡಿ, "ಎರಡು ಎನ್, ಎರಡು ಎಂ. ಒತ್ತಕ್ಷರ ಸರಿಯಾಗಿ ಹಾಕಿದೀಯ" ಎಂದು ತಲೆಯಾಡಿಸಿದರು.

ಆಮೇಲೆ ಸಾರ್‌ಗೆ ಪೈಥಾನ್ ಹುಚ್ಚು ಹಿಡಿಯಿತು. ಸೋಮವಾರ ಬೆಳಿಗ್ಗೆ ತಮ್ಮ ಕುರ್ಚಿಯನ್ನು ನನ್ನ ಮೇಜಿನ ಪಕ್ಕಕ್ಕೆ ಎಳೆದುಕೊಂಡು ಕೂತು, "ನನಗೂ ಒಂದು ಡೆಕೋರೇಟರ್ ಬರೆಯಾಕೆ ಹೇಳಿಕೊಡು" ಎಂದರು. ಒಂದೇ ಬೆರಳಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದರು, ಆದರೆ ಕಲಿಯುವ ಹಟ ಬಲವಾಗಿತ್ತು. ಮೊದಲ ವಾರ ಕಂಸಗಳೊಂದಿಗೆ ಜಗಳ. ಎರಡನೇ ವಾರ return ಮರೆತು ಅವರೂ 'ನನ್' ಪಡೆದರು, ನಾನು ಟೀ ತರಿಸಿದೆ. ಕೊನೆಗೆ ಅವರ ಸ್ವಂತ ಡೆಕೋರೇಟರ್ ತಯಾರಾಯಿತು. ಹೆಸರು 'ಸಮಯ'. ಯಾವ ಫಂಕ್ಷನ್ನಿನ ಮೇಲೆ ಇಟ್ಟರೂ ಅದು ಕೆಲಸ ಶುರುವಾದ ಹೊತ್ತು, ಮುಗಿದ ಹೊತ್ತು ನೋಡಿ ಎಷ್ಟು ಸೆಕೆಂಡ್ ಹಿಡಿಯಿತೆಂದು ಹೇಳುತ್ತಿತ್ತು.

ಅವರ ಉದ್ದೇಶ ಸ್ಪಷ್ಟವಾಗಿತ್ತು. ನಾಲ್ಕು ಊರುಗಳಲ್ಲಿ ಯಾವುದು ಬೇಗ ಉತ್ತರ ಕೊಡುತ್ತದೆಂದು ಪುಣೆಯವರಿಗೆ ತೋರಿಸಬೇಕು. 'ಇನ್ನೊಮ್ಮೆ'ಯ ಮೇಲೆ 'ಸಮಯ'ವನ್ನು ಕೂರಿಸಿ ಓಡಿಸಿದೆವು. ಎಲ್ಲಕ್ಕಿಂತ ನಿಧಾನ ಹೊಸದುರ್ಗ, ಅದೂ ಬಹಳ ಅಂತರದಲ್ಲಿ. ಅವತ್ತು ಆ ಲೈನು ಎರಡು ಸಲ ಕಟ್ ಆಗಿತ್ತು, ಮಧ್ಯೆ ತಡೆದ ಹೊತ್ತೂ ಲೆಕ್ಕಕ್ಕೆ ಸೇರಿತ್ತು.

ಸಾರ್ ಪರದೆ ನೋಡುತ್ತ ಗಲ್ಲ ಕೆರೆದುಕೊಂಡರು. "ನಿನ್ನ ಇನ್ನೊಮ್ಮೆ ಮೇಲೆ ಕುಂತೈತೋ, ನನ್ನ ಸಮಯ ಮೇಲೆ ಕುಂತೈತೋ?"

"ನಿಮ್ಮದೇ ಮೇಲೈತೆ ಸಾರ್. ಅದಕ್ಕೇ ಒಳಗಿನ ಒದ್ದಾಟ ಎಲ್ಲಾ ಅದಕ್ಕೆ ಕಾಣ್ತೈತೆ."

"ಕೆಳಗೆ ಹಾಕಿದ್ರೆ?"

"ಆಗ ಲೈನ್ ಸಿಕ್ಕಿ ಪೂರ್ತಿಯಾದ ಸಲ ಎಷ್ಟು ಹಿಡೀತು ಅಂತ ಮಾತ್ರ ಹೇಳ್ತೈತೆ. ಕಟ್ ಆಗಿದ್ದು ಅದಕ್ಕೆ ಗೊತ್ತೇ ಆಗಲ್ಲ."

ಅವರು ಕೀಲಿಮಣೆಯನ್ನು ತಮ್ಮ ಕಡೆ ಎಳೆದುಕೊಂಡರು. ಒಂದು ಬೆರಳಲ್ಲಿ, ಬಹಳ ಎಚ್ಚರಿಕೆಯಿಂದ, ಹನ್ನೆರಡೂ ಕಡೆ ಎರಡು ಸಾಲುಗಳನ್ನು ಮೇಲೆ ಕೆಳಗೆ ಮಾಡಿದರು. ಮತ್ತೆ ಓಡಿಸಿದರು. ಹೊಸದುರ್ಗ ಎಲ್ಲರಿಗಿಂತ ಮೊದಲು ಬಂತು.

"ಈಗ ಸರಿ ಐತೆ ನೋಡು" ಎಂದು ಸಾರ್ ಹಿಂದಕ್ಕೆ ಒರಗಿ ಕೂತರು. ನಾನು ಬಾಯಿ ತೆರೆಯುವ ಮೊದಲೇ, "ನಾವು ಕೇಳಿದ್ದು ಉತ್ತರ ಕೊಡಾಕೆ ಎಷ್ಟು ಹೊತ್ತು ಅಂತ. ಫೋನ್ ಲೈನಿನ ತಪ್ಪನ್ನ ಊರಿನ ಮೇಲೆ ಹಾಕಬಾರದು" ಎಂದು ಸೇರಿಸಿದರು.

ಯೋಚಿಸಿ ನೋಡಿದೆ. ತರ್ಕದಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ. ನಾನೂ ಅದೇ ತಾಲ್ಲೂಕಿನವಳು ತಾನೇ. ವರದಿಯನ್ನು ಹಾಗೆಯೇ ಪುಣೆಗೆ ಕಳಿಸಿದೆವು.